ಬಿಸಿಲಿಗೆ ಹಾಕಿದ ಪ್ಲೇಟುಗಳು

ನನ್ನ ಹತ್ತಿರ ಇರುವ ಗ್ರಾಮಫೋನ್ ಪ್ಲೇಟುಗಳಲ್ಲಿ ನೆಟ್ಟಗಿರುವುದು ಒಂದೂ ಇಲ್ಲ. ಮೆಷಿನ್ನಿನ ಮೇಲೆ ಇಟ್ಟು, ಬಗ್ಗಿ, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡಿದರೆ ಪ್ರತಿಯೊಂದಕ್ಕೂ ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು. ಮುಳ್ಳು ಆ ಏರನ್ನು ಹತ್ತಿ ಇಳಿಯುವಾಗ ಹಾಡುವವನ ದನಿ ಎಳೆದಂತಾಗಿ ಮತ್ತೆ ಸರಿಹೋಗುತ್ತದೆ. ಹಳೆಯ ರಾಕ್ ಸಂಗೀತದ ಪ್ಲೇಟುಗಳನ್ನು ಕೂಡಿಡುವ ಹುಚ್ಚಿನವರು ಈಗ ಅಲ್ಲಲ್ಲಿ ಇದ್ದಾರೆ. ಅಂಥವರೊಬ್ಬರು ಒಮ್ಮೆ ಬಸವಕಲ್ಯಾಣದ ಕೋಟೆ ನೋಡಲು ಬಂದು, ಯಾರಿಂದಲೋ ಸುದ್ದಿ ತಿಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಸಂದೂಕ ತೆಗೆದು ತೋರಿಸಿದೆ. ಕವಚಗಳನ್ನು ನೋಡಿ ಅವರ ಕಣ್ಣು ಅರಳಿದವು. ಒಳಗಿನ ಪ್ಲೇಟು ಹೊರಗೆಳೆದ ಕೂಡಲೇ ಮುಖ ಸಪ್ಪಗಾಯಿತು. ಪ್ಲೇಟು ಹೋದವು ಬಿಡಿ, ಕವಚ ಅಷ್ಟೇ ಕೊಡುತ್ತೀರಾ ಎಂದು ಕೇಳಿದರು. ಕೊಡುವುದಿಲ್ಲ ಎಂದೆ. ಯಾಕೆಂದು ಹೇಳುತ್ತ ಕೂತಿದ್ದರೆ ಅವರ ಬಸ್ಸು ತಪ್ಪುತ್ತಿತ್ತು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕೋಟೆಯ ಕಡೆ ಹೋಗುವ ಓಣಿಯಲ್ಲಿದೆ. ಬೀದಿಗೆ ತೆರೆದ ಮುಂದಿನ ಖೋಲಿ ಅಪ್ಪನ ಮೈಕ್ ಸೆಟ್ಟಿನ ಅಂಗಡಿ. ಅದನ್ನು ದಾಟಿದರೆ ಪಡಸಾಲೆ, ಅದರಾಚೆ ಹಗಲಲ್ಲೂ ದೀಪ ಬೇಡುವ ನಡುಮನೆ, ಅದರ ಒಂದು ಮಗ್ಗುಲಿಗೆ ದೇವರ ಖೋಲಿ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ. ಏಣಿ ಹತ್ತಿದರೆ ಮಾಳಿಗೆ. ಅಪ್ಪ ಮದುವೆಗೆ, ತೊಟ್ಟಿಲಿಗೆ, ಚುನಾವಣೆಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗಿ ಭೋಂಗಾ ಕಟ್ಟಿ ಬರುತ್ತಿದ್ದ. ಉಮ್ಮತ್ತಿ ಹೂವಿನ ಆಕಾರದ ಆ ದೊಡ್ಡ ಸ್ಪೀಕರನ್ನು ನಮ್ಮ ಕಡೆ ಭೋಂಗಾ ಎನ್ನುತ್ತೇವೆ. ಮುಡಬಿಯಲ್ಲಿ ಮದುವೆ ಇದ್ದರೆ ಹಿಂದಿನ ದಿನವೇ ಬಸ್ಸಿನ ಮೇಲೆ ಭೋಂಗಾ ಏರಿರುತ್ತಿದ್ದವು, ಅಪ್ಪ ಒಳಗೆ ಆಂಪ್ಲಿಫೈಯರನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಪ್ಲೇಟಿನ ಕಾಲ ಮುಗಿದು ಕ್ಯಾಸೆಟ್ಟು ಬಂದಿತ್ತು. ಮದುವೆಯ ಹಾಡುಗಳ ಪ್ಲೇಟು ಒಂದೊಂದಾಗಿ ಯಾರ್ಯಾರದೋ ಕೈ ಸೇರಿದವು. ಯಾರಿಗೂ ಬೇಡವಾಗಿ ಉಳಿದದ್ದು ಇಂಗ್ಲಿಷ್ ಪ್ಲೇಟುಗಳ ಒಂದು ತಗಡಿನ ಸಂದೂಕ.

ಆ ಸಂದೂಕ ನಮ್ಮ ಮನೆಗೆ ಬಂದದ್ದು ನಾನು ಹುಟ್ಟುವ ಮೊದಲು. ಸಿಕಂದರಾಬಾದಿನಲ್ಲಿ ರೈಲ್ವೆಯ ಒಬ್ಬ ಸಾಹೇಬರು ಊರು ಬಿಟ್ಟು ಹೊರಟಾಗ ಪ್ಲೇಟು ಓಡಿಸುವ ಮೆಷಿನ್ ಮಾರಿದರಂತೆ. ಮೆಷಿನ್ ಬೇಕಾದರೆ ಸಂದೂಕವನ್ನೂ ಒಯ್ಯಬೇಕು, ಒಂದನ್ನು ಬಿಟ್ಟು ಒಂದು ಕೊಡುವುದಿಲ್ಲ ಎಂದು ಅವರ ಹಟ. ಅಪ್ಪ ಎರಡನ್ನೂ ಹೊತ್ತು ತಂದ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಸಂದೂಕ ತೆಗೆದಾಗ ಮೊದಲು ಕೈಹಾಕಿದವಳು ಆಯಿಯೇ. ಒಂದು ಕವಚದ ಮೇಲೆ ಮರದ ಕೆಳಗೆ ಕೂತ ನಾಲ್ವರು ಗಂಡಸರು, ಎದೆಮಟ್ಟ ಗಡ್ಡ, ಬೆನ್ನ ಮೇಲೆ ಕೂದಲು, ಮೈಮೇಲೆ ಸಡಿಲ ನಿಲುವಂಗಿ. ಅವರಲ್ಲೊಬ್ಬನ ಕೊರಳಲ್ಲಿ ದಾರಕ್ಕೆ ಕಟ್ಟಿದ ದುಂಡನೆಯ ಬೆಳ್ಳಿಯ ವಸ್ತು. ಲಿಂಗ ಇಟ್ಟುಕೊಳ್ಳುವ ಕರಡಿಗೆ ಅದು ಎಂದು ಆಯಿಗೆ ಖಾತ್ರಿಯಾಯಿತು. ಉಳಿದ ಮೂವರ ಕೊರಳಲ್ಲಿ ಯಾಕಿಲ್ಲ ಎನ್ನುವುದೊಂದೇ ಅವಳ ಚಿಂತೆ.

"ಯಾವ ಮಠದವರಪ್ಪಾ ಇವರು? ಒಬ್ಬವಗ ಕರಡಿಗಿ ಅದ, ಮೂರು ಮಂದಿಗಿ ಇಲ್ಲ."

ಆ ಕವಚ ಬಹಳ ದಿನ ದೇವರ ಖೋಲಿಯ ಗೂಡಿನಲ್ಲಿತ್ತಂತೆ. ಒಂದು ದಿನ ಅಪ್ಪ ಅದರೊಳಗಿನ ಪ್ಲೇಟು ಹಚ್ಚಿದ. ಆಯಿ ಪಡಸಾಲೆಗೆ ಓಡಿ ಬಂದು, "ಶರಣರು ಹಿಂಗ ಒದರ್ತಾರೇನೋ?" ಎಂದು ಕೇಳಿ, ತಾನೇ ಹೋಗಿ ಕವಚವನ್ನು ಗೂಡಿನಿಂದ ಇಳಿಸಿದಳು. ಆದರೆ ಕರಡಿಗೆಯವನ ಮೇಲೆ ಅವಳಿಗೊಂದು ಮರುಕ ಉಳಿಯಿತು. ಒಳ್ಳೆಯ ಮನೆತನದವ, ಕೆಟ್ಟ ಸಹವಾಸಕ್ಕೆ ಬಿದ್ದಾನೆ ಎನ್ನುತ್ತಿದ್ದಳು.

ನನ್ನ ಮಧ್ಯಾಹ್ನಗಳು ಆ ಸಂದೂಕದವು. ಸಾಲೆ ಬಿಟ್ಟು ಬಂದು ಪಾಟಿಚೀಲ ಬಿಸಾಕಿ ಅಂಗಡಿಯಲ್ಲಿ ಕೂತುಬಿಡುತ್ತಿದ್ದೆ. ಅಪ್ಪ ಸ್ಪೀಕರು ರಿಪೇರಿ ಮಾಡಿದ ಮೇಲೆ ಅದನ್ನು ಪರೀಕ್ಷೆ ಮಾಡುವುದು ಇಂಗ್ಲಿಷ್ ಪ್ಲೇಟಿನಿಂದಲೇ. ಅದರಲ್ಲಿ ಹೊಟ್ಟೆಗೆ ಗುದ್ದುವ ದಪ್ಪ ದನಿಯೂ ಇದೆ, ಕಿವಿ ಸೀಳುವ ಸಣ್ಣ ದನಿಯೂ ಇದೆ, ಎರಡನ್ನೂ ತಡೆದುಕೊಂಡ ಸ್ಪೀಕರು ಯಾವ ಮದುವೆಯಲ್ಲೂ ಕೈ ಕೊಡುವುದಿಲ್ಲ ಎಂದು ಅವನ ಲೆಕ್ಕ. ಅಪ್ಪನಿಗೆ ಅದು ಬರೀ ಪರೀಕ್ಷೆ. ನನಗೆ ಮಾತ್ರ ಆ ಡ್ರಮ್ಮು ಶುರುವಾದರೆ ಎದೆಯ ಗೂಡಿನೊಳಗೆ ಯಾರೋ ಎದ್ದು ನಿಂತಂತೆ ಆಗುತ್ತಿತ್ತು. ಸಾಲೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಆಗಷ್ಟೇ ತಿದ್ದುತ್ತಿದ್ದೆ. ಹಾಡಿನ ಒಂದು ಮಾತೂ ತಿಳಿಯುತ್ತಿರಲಿಲ್ಲ. ತಿಳಿಯದೇ ಇದ್ದದ್ದು ಒಳ್ಳೆಯದೇ ಆಯಿತು. ಮನೆಯಲ್ಲಿ ನನಗೆ ತಿಳಿಯುವ ಮಾತುಗಳೆಲ್ಲ ಮೆಲ್ಲಗೆ ನಡಿ, ಜೋರಾಗಿ ನಗಬೇಡ, ಗಂಡಸರು ಕೂತಲ್ಲಿ ಹೋಗಬೇಡ ಎನ್ನುವವೇ ಆಗಿದ್ದವು. ಈ ಗಡ್ಡದವರು ಮಾತ್ರ ಬಾಯಿಬಿಟ್ಟು ಕೂಗುತ್ತಿದ್ದರು, ಯಾರೂ ಅವರನ್ನು ಸುಮ್ಮನಿರು ಎನ್ನುತ್ತಿರಲಿಲ್ಲ. ಅದನ್ನು ಕೇಳುತ್ತ ಕೇಳುತ್ತ ನನಗೆ ಒಂದು ಧೈರ್ಯ ಬಂತು.

ಅವರನ್ನು ಯಾರೂ ಸುಮ್ಮನಿರು ಎನ್ನುತ್ತಿರಲಿಲ್ಲ ಎಂದೆ, ಅದು ಪೂರ್ತಿ ನಿಜವಲ್ಲ. ಬೆಳಗಿನ ಹೊತ್ತು ಆಯಿ ಲಿಂಗಪೂಜೆಗೆ ಕೂತಾಗ ಮನೆಯಲ್ಲಿ ಚಮಚ ಕೂಡ ಸಪ್ಪಳ ಮಾಡುವಂತಿರಲಿಲ್ಲ. ಹಣೆಗೆ, ತೋಳಿಗೆ ವಿಭೂತಿ ಧರಿಸಿ, ಎಡಗೈ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ರೆಪ್ಪೆ ಬಡಿಯದೆ ನೋಡುತ್ತ ಕೂರುವಳು. ಅವಳು ಎದ್ದ ಮೇಲೆಯೇ ಮನೆಗೆ ಬಾಯಿ ಬರುತ್ತಿತ್ತು. ಅವ್ವನ ದೂರು ಬೇರೆ ಥರದ್ದು.

"ಅದೇನ್ ಬಡೀತಾರ್ರಿ ಅವರು! ರೊಟ್ಟಿ ಬಡಿಯಾಕತ್ರ ನನ್ನ ಕೈ ಅವರ ಸಂಗಾಟ ಓಡತದ. ರೊಟ್ಟಿ ಹರೀತಾವ."

ಹಾಗೆ ಹೇಳಿದರೂ ಅವ್ವ ಬಾಗಿಲು ಮುಚ್ಚಿದ್ದನ್ನು ನಾನು ನೋಡಲಿಲ್ಲ.

ಜಗಳ ನಿಜವಾಗಿ ಶುರುವಾದದ್ದು ಅಪ್ಪನ ತಮ್ಮ ಶಿವರಾಜ ಕಾಕಾ ಟೆಲಿಫೋನ್ ಬೂತ್ ಹಾಕುತ್ತೇನೆ ಎಂದಾಗ. ಊರಿನಲ್ಲಿ ಎಸ್‌ಟಿಡಿ ಬೂತುಗಳು ಏಳುತ್ತಿದ್ದ ಕಾಲ. ಪುಣೆಗೆ, ಮುಂಬೈಗೆ ದುಡಿಯಲು ಹೋದವರ ಮನೆಯವರು ಸಾಲಾಗಿ ನಿಂತು ಮಾತಾಡುತ್ತಿದ್ದರು. ಮೈಕ್ ಸೆಟ್ಟಿನ ಅಂಗಡಿಯ ಅರ್ಧ ಜಾಗ ತನಗೆ ಬಿಟ್ಟರೆ ಗಾಜಿನ ಕೋಣೆ ಕೂಡಿಸುತ್ತೇನೆ ಎಂದು ಕಾಕಾ ಕೇಳಿದ. ತಪ್ಪೇನೂ ಇರಲಿಲ್ಲ. ಆದರೆ ಗಾಜಿನ ಕೋಣೆ ಬರಬೇಕಾದ ಮೂಲೆಯಲ್ಲೇ ಸಂದೂಕ ಇತ್ತು.

"ಅಣ್ಣಾ, ಈ ಫಾಲ್ತು ಸಾಮಾನ ಭಂಗಾರದವಗ ಹಾಕಿಬಿಡ್ರಿ. ಯಾರ್ ಕೇಳ್ತಾರ ಇವನ್ನ?" ಭಂಗಾರದವ ಎಂದರೆ ನಮ್ಮ ಕಡೆ ಗುಜರಿಯವ.

"ನಾ ಕೇಳ್ತೀನಿ," ಎಂದೆ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಿದ್ದಕ್ಕೆ ಅವ್ವ ಕಣ್ಣು ಕೆಕ್ಕರಿಸಿದಳು. ಅಪ್ಪ ನನ್ನ ಕಡೆ ನೋಡಿ, ತಮ್ಮನ ಕಡೆ ನೋಡಿ, ದಸರಾ ಆಗಲಿ ನೋಡೋಣ ಎಂದು ಎದ್ದುಹೋದ.

ದಸರಾ ಬಂತು. ನಮ್ಮ ಕಡೆ ನವರಾತ್ರಿಯ ಘಟ ಕೂಡಿಸುವ ಮೊದಲು ಮನೆಯಲ್ಲಿ ಒಂದು ವಸ್ತುವೂ ತೊಳೆಯದೆ ಉಳಿಯುವಂತಿಲ್ಲ. ಹಾಸಿಗೆ, ಕೌದಿ, ಚಾದರ ಎಲ್ಲ ತ್ರಿಪುರಾಂತ ಕೆರೆಗೆ ಹೋಗಿ ಒಗೆಸಿಕೊಂಡು ಬರುತ್ತವೆ. ಹಿತ್ತಾಳೆ ತಾಮ್ರ ಹುಣಸೆಹಣ್ಣಿಗೆ ಮೈ ಕೊಡುತ್ತವೆ. ಜೋಳ, ಬೇಳೆ, ಪೆಟ್ಟಿಗೆಯ ರೇಷ್ಮೆ ಸೀರೆ, ಪಂಚಾಂಗದ ಕಟ್ಟು ಕೂಡ ಮಾಳಿಗೆ ಹತ್ತಿ ಬಿಸಿಲು ಕಾಯುತ್ತವೆ. ಆ ವರ್ಷ ನಾನು ಸಾಲೆಗೆ ಹೋದ ಹೊತ್ತಿನಲ್ಲಿ ಆಯಿ ಸಂದೂಕ ತೆಗೆದಳು. ಮೊಮ್ಮಗಳ ಜೀವ ಇರುವ ಸಾಮಾನು, ಅದೊಂದೇ ಮೈಲಿಗೆ ಉಳಿಯಬಾರದು ಎಂದು ಅವಳಿಗೆ ಅನಿಸಿತು. ಪ್ಲೇಟುಗಳನ್ನು ಸೀಗೆಕಾಯಿ ನೀರಿನಲ್ಲಿ ಒಂದೊಂದಾಗಿ ತೊಳೆದು, ತನ್ನ ಮೆತ್ತನೆಯ ಹಳೇ ಸೀರೆಯಿಂದ ಒರೆಸಿ, ಮಾಳಿಗೆಯ ಮೇಲೆ ಸಾಲಾಗಿ ಹರವಿ, ಕಾಗೆ ಬರದಂತೆ ಕಾಯುತ್ತ ಕೂತಳು.

ನಾನು ಏಣಿ ಹತ್ತಿದಾಗ ಒಂದೊಂದು ಪ್ಲೇಟಿನ ಅಂಚೂ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಎದ್ದಿತ್ತು. ಆಯಿ ಒಂದನ್ನು ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಲು ನೋಡುತ್ತಿದ್ದಳು. ಅದು ಕರಡಿಗೆಯವರ ಪ್ಲೇಟು.

"ಬಿಸಲಿಗಿ ಹಾಕಿದ್ರ ಹುಳಾ ಹಿಡಿಯೂದಿಲ್ಲಂತ ಹಾಕೀನವ್ವಾ ನಂದಾ. ಹಿಂಗ್ಯಾಕ ಆದವು ಇವು?"

ನಾನು ಅಳಲಿಲ್ಲ. ಕೆಳಗೆ ಒಯ್ದು, ಕರಡಿಗೆಯವರದನ್ನು ಬಿಟ್ಟು ಇನ್ನೊಂದನ್ನು ಮೆಷಿನ್ನಿಗೆ ಹಚ್ಚಿದೆ. ಮುಳ್ಳು ಏರಿನ ಮೇಲಿಂದ ಹಾರಿ ಬಿದ್ದು ಮುರಿಯಿತು. ಕಾಕಾ ನಕ್ಕ. ಕೆಟ್ಟ ನಗು ಅಲ್ಲ, ಕೆಲಸ ತಾನಾಗಿಯೇ ಆಯಿತಲ್ಲ ಎನ್ನುವ ನಗು. ಭಂಗಾರದವನನ್ನು ನಾಳೆಯೇ ಕರೆಯುತ್ತೇನೆ ಎಂದ. ನಾನು ಸಂದೂಕದ ಮೇಲೆ ಕೂತೆ. ಊಟಕ್ಕೆ ಕರೆದರೂ ಏಳಲಿಲ್ಲ, ಅಲ್ಲಿಗೇ ತಂದುಕೊಟ್ಟ ರೊಟ್ಟಿಯನ್ನು ಮಾತ್ರ ತಿಂದೆ. ಉಪವಾಸ ಮಾಡಿದರೆ ಜಗ್ಗಾಡಲು ಶಕ್ತಿ ಉಳಿಯುವುದಿಲ್ಲ ಎನ್ನುವಷ್ಟು ಬುದ್ಧಿ ನನಗೆ ಆಗಲೇ ಇತ್ತು. ಕೊನೆಗೆ ಅಪ್ಪ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಶಿವರಾಜನ ಬೂತ್ ಯುಗಾದಿಗಿ ಚಾಲೂ ಆಗತದ. ಅಲ್ಲೀತನಕ ನಿನಗ ಟೈಮ್ ಅದ. ಯಾವದರೆ ಒಂದ್ ಪ್ಲೇಟು, ಒಂದ್ ಬಾಜು, ಮುಳ್ಳು ಜಿಗೀದಂಗ ಪೂರಾ ಓಡಿಸಿ ತೋರಸು. ಓಡತಂದ್ರ ಸಂದೂಕ ನಿಂದು, ಯಾರೂ ಮುಟ್ಟೂದಿಲ್ಲ. ಓಡಲಿಲ್ಲಂದ್ರ ಭಂಗಾರಕ್ಕ. ಆಮ್ಯಾಲ ಹಿಂಗ ಮ್ಯಾಲ ಕುಂದರಬಾರದು."

"ಹೂಂ ರಿ ಅಪ್ಪಾ."

"ಶಿವರಾಜ, ಖರೇ ಏನು?"

"ನಂದೇನ್ ಹೋಗತದರಿ ಅಣ್ಣಾ. ಆಡಲಿ ಹುಡುಗಿ," ಎಂದ ಕಾಕಾ.

ಆ ಆಡಲಿ ಎನ್ನುವ ಮಾತು ನನ್ನನ್ನು ಚುಚ್ಚಿತು, ಯುಗಾದಿಯವರೆಗೂ ಚುಚ್ಚುತ್ತಲೇ ಇತ್ತು. ಜೋಳದ ಚೀಲಗಳ ಅಡಿಗೆ ಪ್ಲೇಟು ಇಟ್ಟು ದೀಪಾವಳಿಯವರೆಗೆ ಕಾದೆ. ತೆಗೆದಾಗ ನೆಟ್ಟಗಿದ್ದದ್ದು, ನೋಡುತ್ತಿದ್ದ ಹಾಗೆಯೇ ಮತ್ತೆ ಎದ್ದಿತು. ಇದ್ದಿಲ ಇಸ್ತ್ರಿ ಇಟ್ಟು ಒತ್ತಿದೆ. ಪ್ಲೇಟಿನ ಗೆರೆಗಳು ಅಳಿಸಿಹೋಗಿ ಇಸ್ತ್ರಿಯ ಮೂತಿ ಅದರ ಮೇಲೆ ಮೂಡಿತು, ಮನೆಯೆಲ್ಲ ಸುಟ್ಟ ವಾಸನೆ. ಅವ್ವ ಬೈದಳು. ಪ್ರತಿ ಸಲ ಏನಾದರೂ ಕೆಟ್ಟಾಗ ಆಯಿ ನನಗಿಂತ ಮೊದಲು ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಂದಂತೂ ನಾನು ಬಿಡಲಿಲ್ಲ: ಕರಡಿಗೆಯವರ ಪ್ಲೇಟನ್ನು ಪ್ರಯೋಗಕ್ಕೆ ಒಡ್ಡುವುದಿಲ್ಲ, ಕೆಡುವುದೆಲ್ಲ ಉಳಿದವುಗಳ ಮೇಲೆ ಕೆಡಲಿ, ಕಲಿತದ್ದೆಲ್ಲ ಕೊನೆಗೆ ಅದಕ್ಕೆ ಸಿಗಲಿ ಎಂದು ನಿರ್ಧರಿಸಿದೆ.

ದಾರಿ ಸಿಕ್ಕಿದ್ದು ಎಳ್ಳ ಅಮಾವಾಸ್ಯೆಯ ಅಡುಗೆಯಲ್ಲಿ. ಆ ದಿನ ನಮ್ಮ ಸೀಮೆಯಲ್ಲಿ ಊರೇ ಖಾಲಿಯಾಗಿ ಹೊಲ ಸೇರುತ್ತದೆ. ನಾವು ಅಪ್ಪನ ಗೆಳೆಯರೊಬ್ಬರ ಮೋರಖಂಡಿಯ ಹೊಲಕ್ಕೆ ಹೋಗುತ್ತಿದ್ದೆವು. ಅದಕ್ಕೆ ಅವ್ವ ಕೆಲವು ದಿನ ಮುಂಚಿನಿಂದಲೇ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮಾಡಿಡುತ್ತಿದ್ದಳು. ಹಂಚಿನಿಂದ ತೆಗೆದ ರೊಟ್ಟಿಯನ್ನು ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ, ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಒರಳಿನ ಗುಂಡು ಇಡುತ್ತಿದ್ದಳು. ಆರುವವರೆಗೆ ತೆಗೆಯುವಂತಿಲ್ಲ. ನಾನು ಹಸಿವೆಗೆ ಒಂದನ್ನು ಎಳೆದುಕೊಂಡು ಪಕ್ಕಕ್ಕೆ ಇಟ್ಟೆ, ಮಾತಾಡುತ್ತ ಮರೆತೆ. ಆಮೇಲೆ ನೋಡಿದರೆ ನನ್ನ ರೊಟ್ಟಿ ಅಂಚು ಎತ್ತಿ ಕೂತಿತ್ತು, ಅವ್ವನವು ಮಣೆಯಷ್ಟೇ ಸಪಾಟು. ಬಿಸಿ ಇರುವಾಗ ಒತ್ತಬೇಕು, ಒತ್ತಿದ್ದಾಗಲೇ ಆರಬೇಕು. ನಾನು ಚೀಲದಡಿ ಇಟ್ಟಾಗ ಒತ್ತಿದ್ದೆ, ಬಿಸಿ ಇರಲಿಲ್ಲ; ಇಸ್ತ್ರಿ ಇಟ್ಟಾಗ ಬಿಸಿ ಅತಿಯಾಗಿತ್ತು, ಆರುವ ತನಕ ತಾಳ್ಮೆ ಇರಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲೇ ಕುಣಿದೆ. ಅಮಾವಾಸ್ಯೆಯ ದಿನ ಹೊಲದಲ್ಲಿ ಎಲ್ಲರೂ ಭಜ್ಜಿ, ಅಂಬಲಿ ಎಂದು ಕೂತಿದ್ದರೆ ನನ್ನ ತಲೆಯಲ್ಲಿ ಬರೀ ಪ್ಲೇಟು.

ಬಚ್ಚಲಿಗೆ ಹಾಸಿ ಉಳಿದ ಎರಡು ಶಹಾಬಾದಿ ಪರಸಿ ಕಲ್ಲು ಹಿತ್ತಲಲ್ಲಿ ಗೋಡೆಗೆ ಒರಗಿದ್ದವು. ಅವನ್ನು ಮಾಳಿಗೆಗೆ ಏರಿಸಿಕೊಡು ಎಂದು ಅಪ್ಪನನ್ನು ಕೇಳಿದೆ. ಯಾಕೆಂದು ಕೇಳದೆ ಏರಿಸಿಕೊಟ್ಟ. ಚಳಿಗಾಲದ ಬಿಸಿಲಿಗೆ ಕಲ್ಲು ಬೆಚ್ಚಗಾಗುತ್ತಿತ್ತೇ ಹೊರತು ಕಾಯುತ್ತಿರಲಿಲ್ಲ. ಶಿವರಾತ್ರಿಯವರೆಗೆ ಕಾಯಬೇಕೆಂದು ಆಯಿ ಹೇಳಿದಳು.

ಆ ನಡುವೆ ಅವ್ವನ ಸಂಗಡ ಹುಮನಾಬಾದಿಗೆ ಹೋದೆ. ಅವ್ವನ ತಮ್ಮ, ನಮ್ಮ ಮಾಮಾ, ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಬಂಗ್ಲಾ ಎನ್ನುವ ಕ್ರಾಸು ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಬಸ್ಸಿನ ಕಿಟಕಿಯ ತುಂಬ ಲಾರಿಗಳು. ಹೆದ್ದಾರಿಯ ಪಕ್ಕದ ಓಣಿಯಲ್ಲಿ ಮಾಮಾನ ಅಂಗಡಿ. ಅದರ ಎದುರಿಗೇ ಬಡಗಿ ಒಬ್ಬ ಕಾಕಾ ಹೇಳಿ ಹೋಗಿದ್ದ ಗಾಜಿನ ಕೋಣೆ ಕಟ್ಟುತ್ತಿದ್ದ. ಚೌಕಟ್ಟು ನಿಂತಿತ್ತು, ಗಾಜು ಕೂಡಿಸುವುದು ಬಾಕಿ. ನಾನು ಅದರೊಳಗೆ ಹೋಗಿ ನಿಂತು ನೋಡಿದೆ. ಸಂದೂಕಕ್ಕಿಂತ ದೊಡ್ಡದಿತ್ತು. ಮಾಮಾ ತನ್ನ ತಗಡಿನ ಡಬ್ಬಿಗಳನ್ನೆಲ್ಲ ಸುರುವಿ ಹುಡುಕಿ ಒಂದು ಮುಳ್ಳು ತೆಗೆದ.

"ಇದೇ ಕಡೀದು ನೋಡವ್ವಾ. ಈಗ ಯಾರೂ ತರ್ಸೂದಿಲ್ಲ. ಇದೂ ಮುರೀತಂದ್ರ ನನ್ನ ಹಂತ್ಯಾಕ ಬರಬ್ಯಾಡ."

"ಮುರಿಯೂದಿಲ್ಲ ಮಾಮಾ."

"ಹೆಂಗ ಹೇಳ್ತಿ?"

"ಯುಗಾದಿತನಕ ಹಚ್ಚೂದೇ ಇಲ್ಲ."

ಮಾಮಾ ನಗುತ್ತ ಅದನ್ನು ಹತ್ತಿಯಲ್ಲಿ ಸುತ್ತಿ ಖಾಲಿ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಟ್ಟ. ಹಾಗೆ ಹೇಳಿ ನನ್ನ ಕೈಯನ್ನು ನಾನೇ ಕಟ್ಟಿಕೊಂಡಿದ್ದೆ. ಪ್ಲೇಟು ನೆಟ್ಟಗಾಯಿತೋ ಇಲ್ಲವೋ ಕಣ್ಣಿನಿಂದಲೇ ತಿಳಿಯಬೇಕು, ಓಡಿಸಿ ನೋಡುವಂತಿಲ್ಲ.

ಶಿವರಾತ್ರಿ ಮುಗಿದ ಮೇಲೆ ಬಿಸಿಲು ತನ್ನ ಕೆಲಸ ಶುರು ಮಾಡಿತು. ಆಗಿನಿಂದ ಯುಗಾದಿಯವರೆಗೆ ನಾನೂ ಆಯಿಯೂ ಮಾಳಿಗೆಯ ಒಕ್ಕಲಾದೆವು. ಕಲ್ಲು ಕಾಯಲು ಬಿಡುವುದು, ಕಾದ ಮೇಲೆ ನಡುವೆ ಪ್ಲೇಟು ಇಡುವುದು, ಸ್ವಲ್ಪ ಹೊತ್ತು ಬಿಟ್ಟು ಮೇಲೆ ನೆನೆದ ಗೋಣಿಚೀಲ ಹಾಕಿ, ನೆರಳು ಕಟ್ಟಿ, ಬೀಸುಕಲ್ಲಿನ ಮೇಲ್ಭಾಗ ಹೇರಿ, ಮರುದಿನ ಬೆಳಿಗ್ಗೆಯವರೆಗೆ ಮುಟ್ಟದೆ ಇರುವುದು. ಕಲ್ಲು ಎಷ್ಟು ಕಾಯಬೇಕು ಎನ್ನುವುದೇ ಗುಟ್ಟು. ಕಮ್ಮಿಯಾದರೆ ಪ್ಲೇಟು ಬಗ್ಗದು, ಹೆಚ್ಚಾದರೆ ಗೆರೆ ಅಳಿದು ಹಾಡೇ ಹೋಗುತ್ತದೆ. ಆಯಿ ಅಂಗೈ ಊರಿ ನೋಡುತ್ತಿದ್ದಳು. ಒಮ್ಮೆ ಅವಳ ಬಲಗೈ ಕೆಂಪಾಗಿದ್ದನ್ನು ಕಂಡು, ಇನ್ನೊಂದು ಕೈಯಲ್ಲಿ ನೋಡಬಾರದೇ ಎಂದೆ.

"ಎಡಗೈ ಲಿಂಗದ್ದು ತಂಗಿ. ಅದಕ್ಕ ಬ್ಯಾರೆ ಕೆಲಸ ಹಚ್ಚಬಾರದು."

"ಹಂಗಾದ್ರ ನಾ ನೋಡ್ತೀನಿ ಬಿಡು."

"ನೀ ಸುಮ್ನ ಕುಂದರು. ಹಾಕಿದಾಕಿ ನಾನು, ತೆಗಿಯಾಕಿನೂ ನಾನೇ."

ಮೊದಮೊದಲು ಇಟ್ಟವು ಕೆಟ್ಟವು. ಆಮೇಲೆ ಒಂದು ಅರ್ಧ ನೆಟ್ಟಗಾಯಿತು, ಅದರ ಮುಂದಿನದು ಮುಕ್ಕಾಲು. ಕೆಟ್ಟದ್ದನ್ನು ನೋಡಿ ಆಯಿ ಈಗ ಮುಖ ಮುಚ್ಚಿಕೊಳ್ಳುತ್ತಿರಲಿಲ್ಲ, ತಿರುಗಿಸಿ ತಿರುಗಿಸಿ ನೋಡಿ, ಕಲ್ಲು ಜಾಸ್ತಿ ಸಿಟ್ಟಾಗಿತ್ತು ಎನ್ನುತ್ತಿದ್ದಳು. ಅಷ್ಟು ದೊಡ್ಡವಳು ಹಟ ಹಿಡಿದು ಕಲಿಯುವುದನ್ನು ನಾನು ಮೊದಲ ಸಲ ನೋಡಿದ್ದು ಆ ಮಾಳಿಗೆಯ ಮೇಲೆ. ನನಗೆ ಹಟಮಾರಿ ಎಂದು ಮನೆಮಂದಿಯೆಲ್ಲ ಬೈಯುತ್ತಿದ್ದರು. ಅದು ಯಾರಿಂದ ಬಂದದ್ದು ಎಂದು ಆಗ ಗೊತ್ತಾಯಿತು. ಯುಗಾದಿ ಹತ್ತಿರ ಬಂದಾಗ ಕರಡಿಗೆಯವರ ಪ್ಲೇಟು ಕಲ್ಲಿನ ನಡುವೆ ಹೋಯಿತು. ಮರುದಿನ ಆಯಿ ಪೂಜೆ ಮುಗಿಸಿ ಬರುವವರೆಗೆ ನಾನು ಮುಟ್ಟದೆ ಕಾದೆ. ಇಬ್ಬರೂ ಕೂಡಿ ಕಲ್ಲು ಎತ್ತಿದೆವು. ಪೂರ್ತಿ ನೆಟ್ಟಗಾಗಿರಲಿಲ್ಲ. ಒಂದು ಅಂಚಿನಲ್ಲಿ ಸಣ್ಣ ಏರು ಉಳಿದೇ ಇತ್ತು. ಮತ್ತೊಮ್ಮೆ ಇಟ್ಟರೆ ಗೆರೆ ಹೋದೀತು ಎಂದು ಆಯಿ ಅಂದಳು, ನನಗೂ ಹಾಗೇ ಅನಿಸಿತು. ಇದ್ದದ್ದು ಇದ್ದ ಹಾಗೆ ಎಂದು ಕವಚಕ್ಕೆ ಹಾಕಿದೆ.

ಯುಗಾದಿಯ ಹಿಂದಿನ ದಿನ ಗಾಜಿನ ಕೋಣೆ ಹುಮನಾಬಾದಿನಿಂದ ಟೆಂಪೋದಲ್ಲಿ ಬಂತು. ಇಳಿಸಿ ಬಾಗಿಲಿಗೆ ಆನಿಸಿ ನಿಲ್ಲಿಸಿದರು. ಕಾಕಾ ಸೊಂಟದ ಮೇಲೆ ಕೈಯಿಟ್ಟು ಮೂಲೆಯನ್ನೂ ಸಂದೂಕವನ್ನೂ ನೋಡಿದ. ಅಪ್ಪ ಮೆಷಿನ್ನಿನ ಧೂಳು ಒರೆಸಿ, ತಂತಿ ಜೋಡಿಸಿ, ಕುಂಕುಮದ ಡಬ್ಬಿಯಿಂದ ಮುಳ್ಳು ತೆಗೆದು ತಾನೇ ಕೂಡಿಸಿದ. ಅವ್ವ ಹೋಳಿಗೆಯ ಕಣಕ ಹತ್ತಿದ ಕೈಯಲ್ಲೇ ಬಾಗಿಲಿಗೆ ಬಂದಳು. ನಾನು ಪ್ಲೇಟು ಇಟ್ಟೆ, ತಿರುಗಿತು. ಮುಳ್ಳನ್ನು ಅಂಚಿಗೆ ಇಳಿಸಿದೆ. ಏರು ಬಂದ ಕೂಡಲೇ ಮುಳ್ಳಿನ ಕೈ ಮೇಲಕ್ಕೆದ್ದು ಪಕ್ಕಕ್ಕೆ ಬಿತ್ತು.

"ಜಿಗೀತು!" ಎಂದ ಕಾಕಾ.

ಅಪ್ಪ ಮುಳ್ಳಿನ ಕೈಯನ್ನು ಎತ್ತಿ ಹಿಡಿದ. "ಹಾಡು ಇನ್ನಾ ಚಾಲೂ ಆಗಿಲ್ಲ. ಇದು ಖಾಲಿ ಗೆರಿ. ಮತ್ತೊಮ್ಮಿ ಇಡು ನಂದಾ. ಇದೊಂದೇ ಸಲ."

ಮುಳ್ಳಿನ ಕೈ ಹಗುರವಿದೆ, ಏರಿನ ಮೇಲೆ ಅದನ್ನು ಕೆಳಗೆ ಒತ್ತಿ ಹಿಡಿಯುವ ಭಾರ ಬೇಕು ಎಂದು ತಿಳಿಯುತ್ತಿತ್ತು, ಏನು ಇಡಬೇಕೆಂದು ತಿಳಿಯಲಿಲ್ಲ. ಸುತ್ತ ನೋಡಿದೆ. ಒಂದು ಮೊಳೆ ಇಟ್ಟೆ, ಜಾರಿತು. ಅಷ್ಟರಲ್ಲಿ ಆಯಿ ನಡುಮನೆಗೆ ಹೋದವಳು ದೇವರ ಖೋಲಿಯಿಂದ ತನ್ನ ವಿಭೂತಿ ಗಟ್ಟಿ ಹಿಡಿದು ಬಂದಳು. ದಿನವೂ ಹಣೆಗೆ ಹಚ್ಚಿ ಒಂದು ಮಗ್ಗುಲು ಸವೆದಿದ್ದ ಬಿಳಿ ಗಟ್ಟಿ. ಅದರ ಮೂಲೆಯನ್ನು ಲಟ್ಟೆಂದು ಮುರಿದು, ಲಿಂಗಕ್ಕೆ ಕಟ್ಟುವ ಹೊಸ ಶಿವದಾರದ ಒಂದು ಎಳೆ ಹರಿದು ನನ್ನ ಕೈಗೆ ಕೊಟ್ಟಳು.

"ಇದನ್ನ ಕಟ್ಟು."

"ಅವ್ವಾ, ವಿಭೂತಿ ಅದು! ಅವರ ಒದರಾಟಕ್ಕ ಕಟ್ತೀ?" ತನ್ನ ತಾಯಿಗೆ ಹೀಗೆ ಹೇಳುವಾಗ ಕಾಕಾ ನಿಜವಾಗಿಯೂ ಗಾಬರಿಯಾಗಿದ್ದ.

"ಗೊತ್ತದ ನನಗ. ಹುಡುಗಿಗಿ ಭಾರ ಬೇಕಾಗ್ಯದ. ನನ್ನ ಹಂತ್ಯಾಕ ಇದೇ ಅದ."

ನಾನು ಅದನ್ನು ಮುಳ್ಳಿನ ಕೈಗೆ ಕಟ್ಟಿದೆ. ಮುಳ್ಳು ಇಳಿಸಿದೆ. ಏರು ಬಂತು, ಮುಳ್ಳು ಹತ್ತಿತು, ಇಳಿಯಿತು. ಮತ್ತೆ ಬಂತು, ಮತ್ತೆ ಹತ್ತಿ ಇಳಿಯಿತು. ಡ್ರಮ್ಮು ಶುರುವಾಯಿತು. ಗಡ್ಡದವನ ದನಿ ಏರಿನ ಮೇಲೆ ಎಳೆಯುತ್ತ ಇಳಿಜಾರಿನಲ್ಲಿ ಓಡುತ್ತ ಬಂತು, ಮೊದಲಿನ ಹಾಗೆ ಇರಲಿಲ್ಲ, ಆದರೆ ಅವನೇ. ನಾನು ವಿಭೂತಿಯ ತುಂಡಿ‌ನ ಮೇಲಿಂದ ಕಣ್ಣು ತೆಗೆಯಲಿಲ್ಲ. ರೆಪ್ಪೆ ಬಡಿದರೆ ಜಿಗಿದೀತು ಎನ್ನಿಸುತ್ತಿತ್ತು. ಒಂದು ಹಾಡು ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಅವ್ವನ ಕಣಕದ ಕೈ ಬಾಗಿಲ ಚೌಕಟ್ಟಿನ ಮೇಲೆ ಸದ್ದಿಲ್ಲದೆ ಬಡಿಯುತ್ತಿತ್ತು. ಕೊನೆಗೆ ಮುಳ್ಳು ಒಳಗಿನ ಖಾಲಿ ಗೆರೆಗೆ ಬಂದು ಟಕ್ ಟಕ್ ಎನ್ನತೊಡಗಿತು.

"ದನಿ ಹೊಯ್ದಾಡ್ತು," ಎಂದ ಕಾಕಾ, ಮೆಲ್ಲಗೆ.

"ಹೊಯ್ದಾಡಬಾರದಂತ ಮಾತಾಗಿಲ್ಲ. ಜಿಗೀಬಾರದಂತ ಆಗಿತ್ತು," ಎಂದ ಅಪ್ಪ. "ಸಂದೂಕ ಅಕೀದು."

ಕಾಕಾ ಗಾಜಿನ ಕೋಣೆಯ ಕಡೆ ನೋಡಿದ, ಮೂಲೆಯ ಕಡೆ ನೋಡಿದ. ಆಮೇಲೆ ಬಗ್ಗಿ ಸಂದೂಕದ ಒಂದು ಕಡೆಯ ಹಿಡಿಕೆ ಹಿಡಿದು, ಇನ್ನೊಂದು ಕಡೆ ನೀ ಹಿಡಿ ಎಂದು ನನಗೆ ಸನ್ನೆ ಮಾಡಿದ. ಸಂದೂಕ ಕೋಣೆಯೊಳಗೇ ಹೋಗಲಿ, ಫೋನ್ ಮಾಡುವವರು ಅದರ ಮೇಲೆ ಕೂತು ಮಾತಾಡಲಿ ಎಂದ. ನಾವು ಎತ್ತಬೇಕೆನ್ನುವಾಗ, ಮೆಷಿನ್ನಿನ ಮುಂದೆ ನೆಲದ ಮೇಲೆ ಕೂತಿದ್ದ ಆಯಿ ತಲೆಯೆತ್ತಿದಳು.

"ಎಲ್ಲಿಗಿ ಹೊಂಟ್ರಿ? ಅದಕ್ಕ ಇನ್ನೊಂದ್ ಬಾಜು ಅದಲ್ಲ. ಅದನ್ನೂ ಹಚ್ಚು."

ವರ್ಷಗಟ್ಟಲೆ ಊರಿನ ಮಂದಿ ಆ ಸಂದೂಕದ ಮೇಲೆ ಕೂತು ಮಕ್ಕಳ ಜೊತೆ ಮಾತಾಡಿದರು, ಅತ್ತರು, ಬೈದರು. ಕಾಕಾ ಊಟಕ್ಕೆ ಹೋದಾಗ ನಾನು ಬೂತ್ ನೋಡಿಕೊಂಡೆ, ಆಮೇಲೆ ಅಪ್ಪನ ಮೈಕ್ ಸೆಟ್ಟನ್ನೂ ನಾನೇ ನೋಡಿಕೊಂಡೆ. ಹೆಣ್ಣುಮಗಳಿಗೆ ಇದು ಬೇಡ ಎಂದವರಿಗೆ ನನ್ನ ಉತ್ತರ ಸಂದೂಕದ ಮೇಲೆ ಕೂತ ದಿನದ್ದೇ: ಏಳಲಿಲ್ಲ. ಎಲ್ಲರ ಕಿಸೆಗೂ ಮೊಬೈಲು ಬಂದ ಮೇಲೆ ಬೂತ್ ಮುಚ್ಚಿತು. ಗಾಜಿನ ಕೋಣೆಯನ್ನು ಒಡೆಸಲು ಕಾಕಾ ಹೊರಟಾಗ ಅದು ನನಗಿರಲಿ ಎಂದೆ. ಈ ಸಲ ಯಾರೂ ಪಂತ ಕಟ್ಟಲಿಲ್ಲ. ಈಗ ಅದರೊಳಗೆ ಮೆಷಿನ್ ಇದೆ, ಒಂದು ಮೊಣಕಾಲೆತ್ತರದ ಸ್ಟೂಲು ಇದೆ. ಬಾಗಿಲು ಎಳೆದುಕೊಂಡರೆ ಗಡ್ಡದವರು ಎಷ್ಟು ಕೂಗಿದರೂ ಬೀದಿಗೆ ಕೇಳುವುದಿಲ್ಲ. ಮುಳ್ಳು ಅದರ ನಂತರ ಎಷ್ಟೋ ಬದಲಾಗಿವೆ, ಈಗ ಬೇಕಾದಲ್ಲಿಂದ ತರಿಸಬಹುದು. ಮುಳ್ಳಿನ ಕೈಗೆ ಕಟ್ಟಿದ ವಿಭೂತಿಯ ತುಂಡು ಮಾತ್ರ ಅದೇ. ಆಯಿ ತೀರಿಕೊಂಡ ವರ್ಷ ದಾರ ಬದಲಾಯಿಸಿದೆ, ಅಷ್ಟೇ.

ಪ್ಲೇಟಿನ ಒಂದು ಬಾಜು ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಟಕ್ ಟಕ್ ಎನ್ನುವಾಗ ಎಷ್ಟೋ ಸಲ ಏಳಲು ಬೇಸರ ಬರುತ್ತದೆ. ಮಂಡಿ ನೋಯುತ್ತವೆ, ಮಾಡಬೇಕಾದ ಕೆಲಸ ಬೇರೆ ಇರುತ್ತವೆ, ಇವತ್ತಿಗೆ ಸಾಕು ಅನಿಸುತ್ತದೆ. ಆಗ ನೆಲದ ಮೇಲಿಂದ ಆಯಿ ತಲೆಯೆತ್ತುತ್ತಾಳೆ. ನಾನು ಎದ್ದು ಪ್ಲೇಟು ತಿರುವಿ ಹಾಕುತ್ತೇನೆ.